ಪುರಾಣದಲ್ಲಿ ಇಲ್ಲದ ಪದ್ಯ

ಆ ಪದ್ಯ ಪುರಾಣದಲ್ಲಿ ಇಲ್ಲ. ಚಂದ್ರವ್ವ, ರಾಮದುರ್ಗದ ನೇಕಾರರ ಓಣಿಯಲ್ಲಿ ಅಷ್ಟು ಜನರ ಮುಂದೆ ಪುಸ್ತಕ ಹಿಡಿದು ನಾನು ಓದಿದ ಆ ಪದ್ಯವನ್ನು ಯಾವ ಕವಿಯೂ ಬರೆದಿಲ್ಲ. ಅದನ್ನು ನಿಂತ ಜಾಗದಲ್ಲೇ ನಾನು ಕಟ್ಟಿದೆ. ಪುಸ್ತಕದಲ್ಲಿ ಇದ್ದದ್ದು ನೀವು ಹೇಳಿದ ಕಥೆ. ಗೆದ್ದವರು ನೀವು, ನಿಮ್ಮನ್ನು ಸೋತವರನ್ನಾಗಿ ಮಾಡಿದವನು ನಾನು.

ಇಷ್ಟನ್ನು ಹೇಳಲು ನನಗೆ ಒಂದು ಆಯುಷ್ಯ ಬೇಕಾಯಿತು. ಥೂ, ನನ್ನ ಜನ್ಮಕ್ಕಿಷ್ಟು! ಆಗ ನಾನು ನಿಮಗೆ ‘ನೀ’ ಎನ್ನುತ್ತಿದ್ದೆ, ಈಗ ‘ನೀವು’ ಎಂದು ಬರೆಯುತ್ತಿದ್ದೇನೆ. ಅದೂ ಒಂದು ತಪ್ಪೇ, ಆದರೆ ಅದರ ಹಿಂದೆ ಹೊರಟರೆ ದೊಡ್ಡ ತಪ್ಪು ಹಿಂದೆ ಉಳಿಯುತ್ತದೆ. ನಾನು ಹಾಗೆ ಜಾರಿಕೊಳ್ಳುವುದರಲ್ಲಿ ಪಳಗಿದವನು.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದನ್ನು ಬೇರೆಯವರೂ ಓದಬೇಕು.

ಹೋದ ವಾರ ಬೈಲಹೊಂಗಲದ ನಮ್ಮ ಮನೆಗೆ ಇಬ್ಬರು ಹುಡುಗರು, ಒಬ್ಬ ಹುಡುಗಿ ಬಂದರು. ರ್‍ಯಾಪ್ ಹಾಡುತ್ತಾರಂತೆ, ಹಿಪ್-ಹಾಪ್ ಅಂತೆ. ನಮ್ಮ ದೊಡವಾಡದ ಗೀಗೀ ಹಾಡುಗಾರ ಫಕೀರಪ್ಪನ ಜೀವನದ ಮೇಲೆ ಹಾಡು ಮಾಡುತ್ತಾರಂತೆ. "ಕಾಕಾ, ನಮ್ಮ ಭಾಗದ ಮೊದಲನೇ ರ್‍ಯಾಪರ್ ಅಂದ್ರ ಅವರೇ ನೋಡ್ರಿ. ನಿಂತಲ್ಲೇ ಮಾತು ಕಟ್ಟೂದು, ತಾಳಕ್ಕ ಹಾಕೂದು, ಎದುರಿನವರನ್ನ ಹೊಡದು ಹಾಕೂದು. ಇದನ್ನ ನಾವು ಬ್ಯಾಟಲ್ ಅಂತೀವಿ," ಅಂದ ಒಬ್ಬ. ನಾನು ಹೂಂ ಅಂದೆ. ಆಮೇಲೆ ಅವನು ನನ್ನ ಮಂಚದ ಪಟ್ಟಿಯ ಮೇಲೆ ತಾಳ ಬಡಿಯುತ್ತ ಸುರುಮಾಡಿದ—

ಪತಿಯ ಪುಣ್ಯವೆ ಮುಂದೆ ನಡೆಯಲು
ಸತಿಯು ನೆರಳಾಗುತ್ತ ಬಂದಳು—

ನನ್ನ ಪಿತ್ತ ನೆತ್ತಿಗೇರಿತು. "ಸಾಕು ನಿಲ್ಲಸೋ!" ಎಂದು ಒದರಿದೆ. ಹುಡುಗರು ಹೆದರಿದರು. ಎಷ್ಟು ಸಲ ಕೇಳಲಿ ಇದನ್ನು? ಮದುವೆಯಲ್ಲಿ ಇದು, ಸೀಮಂತದಲ್ಲಿ ಇದು, ಕಿತ್ತೂರಿಗೆ ಹೋದರೆ ಅಲ್ಲಿ ಇದು, ಸವದತ್ತಿಗೆ ಹೋದರೆ ಅಲ್ಲೂ ಇದು. ನಾನು ಸುಳ್ಳು ಮುಚ್ಚಲು ಹೊಲಿದ ತೇಪೆಯನ್ನು ಸೀಮೆಯ ಜನ ಜರಿ ಸೀರೆ ಅಂತ ಉಟ್ಟುಕೊಂಡು ತಿರುಗುತ್ತಿದ್ದಾರೆ, ಮತ್ತು ನಾನು ಬಾಯಿ ಬಿಡುವಂತಿಲ್ಲ.

ಆಗ ಆ ಹುಡುಗಿ ಹೇಳಿದಳು, "ಸುರೇಬಾನಕ್ಕೂ ಹೋಗಿದ್ವಿರಿ ಕಾಕಾ. ಸೋತಾಕಿ ಚಂದ್ರವ್ವ ಅಂತ, ಮುದುಕಿ ಇನ್ನೂ ಅದಾಳ. ಆಕೀ ಕಡಿಂದೂ ಎರಡು ಮಾತು ತಗೋಬೇಕಂದ್ರ ಬಾಯೇ ಬಿಡವಲ್ಲಳು. ‘ನನಗೇನೂ ಗೊತ್ತಿಲ್ಲ, ನಮ್ಮವರು ಕಲಿಸಿದ್ದೆಲ್ಲಾ ಸುಳ್ಳು’ ಅಂದು ಬಾಗಲಾ ಹಾಕ್ಕೊಂಡ್ಲು."

ನಮ್ಮವರು ಕಲಿಸಿದ್ದೆಲ್ಲಾ ಸುಳ್ಳು. ಇನ್ನೂ ಅದೇ ಮಾತು— ನಾನು ನಿಮ್ಮ ಬಾಯಲ್ಲಿ ಇಟ್ಟ ಮಾತು.

ಮೊದಲಿನಿಂದ ಹೇಳುತ್ತೇನೆ. ಎಪ್ಪತ್ತರ ದಶಕ. ನಾನು ಮೆಟ್ರಿಕ್ ನಪಾಸಾದ ಗಂಡು, ಬೈಲಹೊಂಗಲದ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಅಂಡಿಗೆಗಳ, ಅಂದರೆ ಹತ್ತಿ ಮೂಟೆಗಳ, ಮೇಲೆ ಕುಂಚದಿಂದ ಗುರುತು ಬರೆಯುವ ಕೆಲಸ. ಫಕೀರಪ್ಪ ಅಲ್ಲೇ ಹಮಾಲ, ನನಗಿಂತ ಹತ್ತು ವರ್ಷ ದೊಡ್ಡವನು. ಅವನಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ನಾಲಿಗೆ! ದೊಡವಾಡದ ಬಸ್ಸಿನಲ್ಲಿ ಕಂಡಕ್ಟರ ಊರುಗಳ ಹೆಸರು ಕೂಗಿದರೆ ಮುಂದಿನ ಊರು ಬರುವಷ್ಟರಲ್ಲಿ ಅವು ಹಾಡಾಗಿರುತ್ತಿದ್ದವು. ಹರಾಜಿನವನ ಕೂಗು, ಎತ್ತಿನ ಕೊರಳ ಗಂಟೆ, ಅಡತಿಯ ಸೇಠಜಿಯ ಕೆಮ್ಮು, ಯಾವುದನ್ನೂ ಅವನು ಬಿಡುತ್ತಿರಲಿಲ್ಲ. ಎಲ್ಲ ಅವನು ಬಡಿಯುವ ತಮಟೆಯ, ನಮ್ಮ ಕಡೆಯ ದಪ್ಪಿನ, ಪೆಟ್ಟಿಗೆ ಬಂದು ಕೂರುತ್ತಿತ್ತು.

ಅವನದು ಗೀಗೀ ಮೇಳ, ಹರದೇಶಿ ಪಂಗಡ. ಈಗಿನವರಿಗೆ ತಿಳಿಯಲಿ ಎಂದು ಹೇಳುತ್ತೇನೆ: ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಎದುರಾ ಬದರಾ ನಿಂತು ಒಬ್ಬರು ಪುರಾಣದೊಳಗಿನ ಸವಾಲು ಹಾಕುವುದು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡುವುದು. ಹರದೇಶಿಯ ದಪ್ಪಿಗೆ ತುರಾಯಿ, ನಾಗೇಶಿಯ ದಪ್ಪಿಗೆ ಕಲಿಗಿ, ಎರಡೂ ಬಣ್ಣದ ಗೊಂಡೆಗಳು. ಪಣ ಕಟ್ಟಿ ಸೋತವರು ತಮ್ಮ ಗೊಂಡೆ ಬಿಚ್ಚಿ ಗೆದ್ದವರ ಕೈಗೆ ಕೊಡಬೇಕು. ಗೊಂಡೆ ಇಲ್ಲದ ದಪ್ಪನ್ನು ಯಾರೂ ಹಾಡಿಕೆಗೆ ಕರೆಯುವುದಿಲ್ಲ. ಅಲ್ಲಿಗೆ ಆ ಮೇಳ ಮುಗಿಯಿತು.

ನಾಲಿಗೆ ಫಕೀರಪ್ಪನದು, ಕಣ್ಣು ನನ್ನದು. ಅವನು ಅಂಡಿಗೆ ಹೊರುವಾಗ ನಾನು ಹತ್ತಿಯ ಮೇಲೆ ಕುಳಿತು ಪುರಾಣ ಓದಿ ಹೇಳಬೇಕು. ಅವನಿಗಾಗಿ ಎಲ್ಲಿಂದಲೋ ಹುಡುಕಿ ತಂದ ಒಂದು ಶರಣರ ಪುರಾಣ, ಷಟ್ಪದಿಯದು, ಸಣ್ಣ ಅಚ್ಚಿನದು. ಎಲ್ಲರೂ ನನ್ನನ್ನು ‘ಮಾಸ್ತರ’ ಎನ್ನತೊಡಗಿದರು. ನಾನು ಯಾವ ಸಾಲೆಗೂ ಮಾಸ್ತರನಲ್ಲ, ಆದರೆ ಆ ಹೆಸರು ಕಿವಿಗೆ ಬೆಲ್ಲದ ಹಾಗಿತ್ತು. ಕೆಲಸ ಮಾತ್ರ— ಅಯ್ಯೋ ದೇವರೇ! ಒಂದು ಪದ್ಯ ಓದಿದರೆ "ಮತ್ತೊಮ್ಮೆ ಮಾಸ್ತರ." ಓದಿದೆ. "ಅರ್ಥ ಬಿಡಿಸಿ ಹೇಳು." ಹೇಳಿದೆ. "ಈಗ ಮತ್ತೊಮ್ಮೆ ಓದು, ದನಿ ಕೂಡಸ್ತೀನಿ." ದಿನಕ್ಕೆ ಹತ್ತು ಪದ್ಯ, ಒಂದೊಂದು ಏಳೆಂಟು ಸಲ. ತಲೆ ಚಿಟ್ಟು ಹಿಡಿದುಹೋಗುತ್ತಿತ್ತು.

ಒಂದು ದಿನ ಬೆಲ್ಲದ ಚಹಾ ಪುಸ್ತಕದ ಮೇಲೆ ಚೆಲ್ಲಿದೆ. ಒರೆಸಿ ಮುಚ್ಚಿಟ್ಟೆ. ಮರುದಿನ ತೆಗೆದರೆ ಎರಡು ಹಾಳೆ ಅಂಟಿಕೊಂಡಿವೆ. ಆಮೇಲೆ ಬಿಡಿಸಿದರಾಯಿತು ಎಂದುಕೊಂಡು ಈಚೆಯ ಪುಟ ಓದಿ ಆಚೆಯ ಪುಟಕ್ಕೆ ಹಾರಿದೆ. ಎರಡು ಪುಟ ಕಡಿಮೆಯಾದವಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಸುಳ್ಳೇಕೆ ಹೇಳಲಿ.

ಫಕೀರಪ್ಪ ಅಂಡಿಗೆ ಇಳಿಸಿ ಅಲ್ಲೇ ನಿಂತ. "ಮಾಸ್ತರ, ಕೈಲಾಸದ ಬಾಗಲಕ್ಕ ಹೋದಾವ ಶರಣ ಒಬ್ಬನ. ಒಳಗ ಹೋದವರು ಗಂಡ ಹೇಣ್ತಿ ಇಬ್ಬರು ಅಂತ ಓದಿದಿ. ನಡುವ ಏನರೆ ಬಿಟ್ಟಿಯೇನು?"

"ಪುರಾಣದಾಗ ಹಂಗ ಇರತೈತಿ. ನಿನ್ನ ತಲಿಗೆ ಹೋಗದಿದ್ರ ನಾ ಏನ್ ಮಾಡ್ಲಿ? ಸುಮ್ಮನ ಅಂಡಿಗಿ ಹೊರು," ಎಂದೆ.

ಅವನು ಹೊತ್ತ. ಓದುಬಾರದವನು ಓದುಬಲ್ಲವನನ್ನು ಎಷ್ಟೊಂದು ನಂಬುತ್ತಾನೆ ಎಂದರೆ ಈಗ ನೆನೆದರೂ ಮೈ ಉರಿಯುತ್ತದೆ.

ಅದಾಗಿ ಎರಡು ತಿಂಗಳಿಗೆ ರಾಮದುರ್ಗದ ಕರೆ ಬಂತು. ಅಮಾವಾಸ್ಯೆ, ಮಗ್ಗಗಳಿಗೆ ರಜೆ, ನೇಕಾರರ ಓಣಿಯಲ್ಲಿ ಹಗಲು ಹಾಡಿಕೆ. ನಮ್ಮೆದುರಿಗೆ ಸುರೇಬಾನದ ನಾಗೇಶಿ ಮೇಳ. ಅದರ ಮುಂದಾಳು ನೀವು. ಇಪ್ಪತ್ತೆರಡೋ ಇಪ್ಪತ್ಮೂರೋ ಇದ್ದಿರಬೇಕು ನಿಮಗೆ. ಸೆರಗು ಸೊಂಟಕ್ಕೆ ಬಿಗಿದು ಗುಡಿಯ ಕಟ್ಟೆ ಹತ್ತಿದಿರಿ. ಫಕೀರಪ್ಪ ನಿಮ್ಮನ್ನು ಕಂಡು, "ಮಾಸ್ತರ, ಈಕೀ ಭಾಳ ಬೆರಿಕಿ ಕಾಣಸ್ತಾಳ," ಎಂದು ನಕ್ಕ. ಮಧ್ಯಾಹ್ನದ ತನಕ ಸರಿಸಮ ನಡೆಯಿತು. ಅವನೊಂದು ಎಸೆದರೆ ನೀವೊಂದು. ಜನ ಊಟಕ್ಕೂ ಏಳಲಿಲ್ಲ. ಓಣಿಯ ಹಿರಿಯರು ಪಣ ಕಟ್ಟಿಸಿದರು, ತುರಾಯಿಗೆ ಕಲಿಗಿ.

ಆಗ ನೀವು ಆ ಸವಾಲು ಹಾಕಿದಿರಿ—

ಹೋಗುವಾಗ ಒಬ್ಬಾವ,
ಒಳಗ ಕಾಲಿಡುವಾಗ ಇಬ್ಬರು,
ನಡುವ ಎಲ್ಲಿಂದ ಬಂದ್ಲೋ ಆಕಿ,
ಹೇಳೋ ತುರಾಯಿಯವನ, ಗೀ ಗೀ!

ಅಡತಿಯಲ್ಲಿ ನಾನು ಬೈದು ಮುಚ್ಚಿಸಿದ ಪ್ರಶ್ನೆಯೇ ಅದು. ಫಕೀರಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅವನು ಎರಡು ಸುತ್ತು ದಪ್ಪು ಬಡಿದು, ಮಾತು ತಿರುಗಿಸಿ, ತಮಾಷೆ ಮಾಡಿ ಕಡೆಗೆ ನಿಂತ. "ಅಂಥಾದ್ದು ಪುರಾಣದಾಗ ಇಲ್ಲ. ಇದ್ರ ನೀನ ಹೇಳು."

ನೀವು ಹೇಳಿದಿರಿ. ಹಾಡಲಿಲ್ಲ, ಬಿಡಿ ಮಾತಿನಲ್ಲೇ ಹೇಳಿದಿರಿ. ಶರಣ ಹೆಂಡತಿಗೆ ಒಂದು ಮಾತು ಹೇಳದೆ ಕೈಲಾಸಕ್ಕೆ ನಡೆದ. ಬಾಗಿಲಲ್ಲಿ ಶಿವ ತಡೆದ: ‘ಮನೆಯಾಕೆಯ ಅಪ್ಪಣೆ ತಗೊಂಡು ಬಾ.’ ಶರಣ ತಿರುಗಿ ಬಂದ. ಆಕೆ ಬೀಸುತ್ತಿದ್ದಳು. ‘ಇದಿಷ್ಟು ಜೋಳ ಮುಗೀಲಿ, ಕೂತುಕೋ’ ಎಂದಳು. ಅವನೂ ಬೀಸುವ ಕಲ್ಲಿಗೆ ಕೈ ಹಚ್ಚಿದ. ಹಿಟ್ಟು ಮುಗಿಯುವ ತನಕ ಶಿವ ಬಾಗಿಲಲ್ಲೇ ನಿಂತು ಕಾಯ್ದ. ಆಮೇಲೆ ಇಬ್ಬರೂ ಕೂಡಿ ಒಳಗೆ ಹೋದರು.

ಹೆಂಗಸರೆಲ್ಲ ಹೋ ಎಂದರು. ನೇಕಾರರ ಹಿರಿಯನೊಬ್ಬ ಕೇಳಿದ, "ಇದು ಪುಸ್ತಕದಾಗ ಐತೇನವಾ?"

"ನನಗ ಓದಾಕ ಬರೂದಿಲ್ರಿ. ನಮ್ಮ ಆಯಿ ಹೇಳ್ಯಾಳ. ಆಕೀ ಮಠದ ಗ್ವಾಡಿ ಹೊರಗ ಕುಂತು ಪ್ರತಿ ಶ್ರಾವಣದಾಗ ಪೂರಾ ಪುರಾಣ ಕೇಳಾಕಿ. ನನಗ ಹಾಡು ಕಲಿಸಿದಾಕೀನೂ ಆಕೀನ."

ನಿಮ್ಮ ಅಜ್ಜಿ ಗೋಡೆಯ ಹೊರಗೆ ಯಾಕೆ ಕೂರುತ್ತಿದ್ದಳು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಿಮ್ಮ ಕೇರಿಯವರನ್ನು ಒಳಗೆ ಬಿಡುತ್ತಿರಲಿಲ್ಲ. ಅದು ಗೊತ್ತಿದ್ದೇ ಒಬ್ಬ ಕಿಸಕ್ಕನೆ ನಕ್ಕು, "ಹೊರಗ ಕುಂತಾಕಿಗೆ ಒಳಗಿನ ಮಾತು ಎಷ್ಟು ಕೇಳಿಸಿರಬೇಕು!" ಎಂದ. ಇನ್ನೂ ನಾಲ್ಕು ಜನ ನಕ್ಕರು. ನಾನು— ನಾನೂ ನಕ್ಕೆ. ಆ ನಗೆ ನನಗೆ ಅನುಕೂಲವಾಗಿತ್ತು.

"ಮಾಸ್ತರ, ಪುಸ್ತಕ ತಗೀರಿ. ಅದರಾಗ ಇದ್ರ ಆಕೀ ಗೆದ್ಲು, ಇಲ್ಲಂದ್ರ ಕಲಿಗಿ ಬಿಚ್ಚಲಿ," ಎಂದ ಹಿರಿಯ.

ತೆಗೆದೆ. ಪುಟ ತಾನಾಗಿಯೇ ಅಲ್ಲಿಗೇ ಬಂದು ನಿಂತಿತು. ಅಂಟಿದ ಎರಡು ಹಾಳೆ ಉಳಿದವಕ್ಕಿಂತ ದಪ್ಪ. ಉಗುರು ಹಾಕಿ ಎಬ್ಬಿಸಿದ್ದರೆ ಸಾಕಿತ್ತು, ಚಂದ್ರವ್ವ, ಒಂದು ಉಗುರು. ಈಚೆಯ ಪುಟದ ಕೊನೆಯ ಪದ್ಯದ ಅಂಕಿಗೂ ಆಚೆಯ ಪುಟದ ಮೊದಲ ಪದ್ಯದ ಅಂಕಿಗೂ ನಡುವೆ ಎಂಟು ಅಂಕಿ ಕಾಣೆ. ಎಂಟು ಪದ್ಯ ನಾನು ನುಂಗಿದ್ದೆ. ಅಲ್ಲೇ ಹಾಳೆ ಬಿಡಿಸಿದರೆ ಆಗುವುದೇನು? ಫಕೀರಪ್ಪನ ತುರಾಯಿ ಹೋಗುತ್ತದೆ, ಹೋಗಲಿ. ನನಗೆ ಅದರ ಚಿಂತೆ ಇರಲಿಲ್ಲ. ‘ಮಾಸ್ತರ’ ಎನಿಸಿಕೊಂಡವನು ಓದದೆಯೇ ಓದಿದೆ ಎಂದವನು, ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಇಷ್ಟೇ. ಇಷ್ಟಕ್ಕೇ. ಗೆಳೆಯನ ಪ್ರೀತಿಗಾಗಿ ಮಾಡಿದೆ ಎಂದಾದರೂ ಹೇಳಿಕೊಳ್ಳುವಂತಿದ್ದರೆ... ಅದೂ ಇಲ್ಲ.

ಈಚೆಯ ಪುಟದ ಕೊನೆಯ ಪದ್ಯ ಓದಿದೆ. ಉಸಿರು ತೆಗೆದುಕೊಂಡೆ. ಕಣ್ಣು ಹಾಳೆಯ ಮೇಲೇ ಇಟ್ಟು, ಅಲ್ಲಿ ಇಲ್ಲದ್ದನ್ನು ಓದಿದೆ. ಗಂಡನ ಪುಣ್ಯ ಮುಂದೆ ನಡೆಯಿತು, ಹೆಂಡತಿ ನೆರಳಾಗಿ ಹಿಂದೆ ಬಂದಳು. ಆರು ಸಾಲು, ಎಲ್ಲೂ ತಡವರಿಸಲಿಲ್ಲ. ಏಳೆಂಟು ತಿಂಗಳು ಷಟ್ಪದಿ ಓದಿ ಓದಿ ಆ ನಡೆ ನನ್ನ ನಾಲಿಗೆಗೆ ಹತ್ತಿತ್ತು. ನನ್ನ ಇಡೀ ಜೀವನದಲ್ಲಿ ನಾನು ಕಟ್ಟಿದ ಒಂದೇ ಪದ್ಯ ಅದು. ಆಮೇಲೆ ಆಚೆಯ ಪುಟ ಓದಿದೆ.

"ಆಕೀ ಹೇಳಿದ ಕಥಿ ಐತೇನ್ರಿ?"

"ಇಲ್ಲ."

ಹಿರಿಯ ಪುಸ್ತಕ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದ, ದೂರ ಹಿಡಿದ. "ಭಾಳ ಸಣ್ಣ ಅಕ್ಷರ," ಎಂದು ತಿರುಗಿ ಕೊಟ್ಟ. ನೀವು ಮಾತ್ರ ಕದಲಲಿಲ್ಲ. "ಇನ್ನೊಮ್ಮೆ ಓದ್ರಿ," ಎಂದಿರಿ. ಓದಿದೆ. ಒಂದಕ್ಷರ ಆಚೆ ಈಚೆ ಆಗದಂತೆ ಅದೇ ಸುಳ್ಳನ್ನು ಇನ್ನೊಮ್ಮೆ ಓದಿದೆ. ಅಲ್ಲಿ ಎಡವಿದ್ದರೂ ನೀವು ಹಿಡಿಯುತ್ತಿದ್ದಿರಿ. ಹಾಳಾದ್ದು, ಎಡವಲಿಲ್ಲ.

ಕಲಿಗಿಯ ಗಂಟು ಬಿಗಿಯಾಗಿತ್ತು. ಕೈಯಿಂದ ಬಿಚ್ಚಲು ಬರದೆ ಹಲ್ಲಿನಿಂದ ಬಿಚ್ಚಿದಿರಿ. ಫಕೀರಪ್ಪ ಅದನ್ನು ತೆಗೆದುಕೊಳ್ಳುವಾಗ ನಿಮಗೆ ಕೈ ಮುಗಿದ. ಅವನು ದೊಡ್ಡವನು. ನೀವು ನನ್ನ ಕಡೆ ನೋಡಲೂ ಇಲ್ಲ, ಪುಸ್ತಕದ ಕಡೆ ನೋಡುತ್ತಿದ್ದಿರಿ.

ಊರಿಗೆ ಬಂದ ಮರುದಿನ ಕುದಿಯುವ ನುಚ್ಚಿನ ಗಡಿಗೆಯ ಹಬೆಗೆ ಹಿಡಿದು ಆ ಹಾಳೆಗಳನ್ನು ಬಿಡಿಸಿದೆ. ನೀವು ಹೇಳಿದ್ದೆಲ್ಲ ಇತ್ತು. ಅಪ್ಪಣೆ ಇತ್ತು, ಜೋಳ ಇತ್ತು, ಬೀಸುವ ಕಲ್ಲು ಇತ್ತು, ಬಾಗಿಲಲ್ಲಿ ಕಾಯುವ ಶಿವ ಇದ್ದ. ಅಂದರೆ ನನಗೆ ಅನುಮಾನದ ಆಸರೆಯೂ ಉಳಿಯಲಿಲ್ಲ. ರಾಮದುರ್ಗಕ್ಕೆ ಬೈಲಹೊಂಗಲದಿಂದ ದಿನಾ ಬಸ್ಸಿತ್ತು. ಹತ್ತಲಿಲ್ಲ.

ಮುಂದಿನದೆಲ್ಲ ಊರಿಗೆ ಗೊತ್ತು. ‘ಸುರೇಬಾನದ ಕಲಿಗಿ ಗೆದ್ದ ಫಕೀರಪ್ಪ’ ಎಂದರೆ ಕರೆಯ ಮೇಲೆ ಕರೆ. ಕಿತ್ತೂರು, ಸವದತ್ತಿ, ಮುನವಳ್ಳಿ. ರೇಡಿಯೋದವರೂ ಕರೆದರು. ಎಲ್ಲಿ ಹೋದರೂ ಜನ ಕೇಳುವುದು ಆ ಪದ್ಯವನ್ನೇ. ಫಕೀರಪ್ಪನಿಗೆ ಮಾತ್ರ ಅದು ಸರಿಬರುತ್ತಿರಲಿಲ್ಲ. ಒಮ್ಮೆ ಅಂಡಿಗೆಗೆ ಒರಗಿ ಕುಳಿತು ಹೇಳಿದ, "ಮಾಸ್ತರ, ಈ ಪದ್ಯ ಯಾಕೋ ಹಗರ ಐತಿ. ಬಾಕಿದ್ದು ಅಗದು ತಿನ್ನಬೇಕು, ಇದು ಹಂಗ ಜಾರತೈತಿ. ಅದ ಕವಿ ಬರದಾನಂತಿಯೇನು?"

"ನಿನಗ ಓದಾಕ ಬರತೈತೇನು? ಮತ್ತ್ಯಾಕ ತಲಿ ತಿಂತಿ?" ಎಂದು ಹರಿಹಾಯ್ದೆ. ಅವನು ಮತ್ತೆ ಕೇಳಲಿಲ್ಲ. ಗೊತ್ತಾಗಿತ್ತೋ, ನನ್ನ ಮೇಲಿನ ನಂಬಿಕೆಯೇ ಹೆಚ್ಚಾಯಿತೋ— ಸಾಯುವ ತನಕ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಕಲಿಗಿ ಅವನ ಮನೆಯಲ್ಲಿ ಎಲ್ಲಿ ಕಳೆಯಿತೋ, ಅದನ್ನು ತಿರುಗಿ ಕೊಡುವ ಹಾದಿಯೂ ಈಗ ಇಲ್ಲ.

ಇಲ್ಲಿಗೇ ಮುಗಿದಿದ್ದರೆ ಇದು ಒಂದು ಹೇಡಿತನ. ಎರಡನೆಯದನ್ನೂ ಹೇಳಬೇಕು. ಅದೇ ಹೆಚ್ಚಿನದು.

ನಾಲ್ಕೈದು ವರ್ಷ ಕಳೆದಿತ್ತು. ಸವದತ್ತಿಯ ಹಾಡಿಕೆ ಮುಗಿಸಿದ ಮೇಲೆ ನಾನೊಬ್ಬನೇ ನವಿಲುತೀರ್ಥದ ಆಣೆಕಟ್ಟು ನೋಡಲು ಹೋಗಿದ್ದೆ. ಕಾಲುವೆಯ ಕೆಲಸ ನಡೆದಿತ್ತು. ಬುಟ್ಟಿ ಇಳಿಸಿ ನೆರಳಿಗೆ ಬಂದ ಹೆಂಗಸರಲ್ಲಿ ಒಬ್ಬಾಕೆ ನನ್ನನ್ನೇ ನೋಡುತ್ತಿದ್ದಳು. ಅದು ನೀವು. "ಫಕೀರಪ್ಪನ ಮಾಸ್ತರ ಅಲ್ಲೇನ್ರಿ? ಬರ್ರಿ, ಕುಂದರ್ರಿ," ಎಂದಿರಿ. ಮೈಯೆಲ್ಲ ಮಣ್ಣು. ಸಿಟ್ಟಿಲ್ಲ, ಏನಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ರೊಟ್ಟಿ ಮುರಿದು ಅರ್ಧ ನನ್ನ ಮುಂದೆ ಹಿಡಿದಿರಿ. ತಿಂದೆ. ಆಮೇಲೆ ಕೇಳಿದಿರಿ—

"ಮಾಸ್ತರ, ನೀವು ಓದಿದವರು. ಖರೇ ಹೇಳ್ರಿ. ನಮ್ಮ ಆಯಿ ನನಗ ಸುಳ್ಳ ಹೇಳಿದ್ಲೇನ್ರಿ?"

ಅಲ್ಲಿ ಯಾವ ಹಿರಿಯರೂ ಇರಲಿಲ್ಲ, ಪಣ ಇರಲಿಲ್ಲ. ಕಾಲುವೆ, ಮಣ್ಣು, ನೀವು, ನಾನು. ಹೌದು ಎನ್ನಲು ನಾಲಿಗೆ ಏಳಲಿಲ್ಲ, ಇಲ್ಲ ಎನ್ನಲು ಧೈರ್ಯವಾಗಲಿಲ್ಲ. ನಾನು ಹೇಳಿದ್ದು ಇದು:

"ವಯಸ್ಸಾದವರಿಗೆ ನೆನಪು ತಪ್ಪತೈತಿ ಬಿಡವಾ. ಮ್ಯಾಲ ಆಕೀ ಕುಂತದ್ದು ಗ್ವಾಡಿ ಹೊರಗ."

ನಿಮ್ಮ ರೊಟ್ಟಿ ಬಾಯಲ್ಲಿ ಇಟ್ಟುಕೊಂಡು ಇದನ್ನು ಹೇಳಿದೆ.

"ಹಂಗಾದ್ರ ಆಕೀ ಕಲಿಸಿದ್ದು ಬಾಕಿದ್ದೂ ಅಷ್ಟ ಇರಬೇಕು. ನನ್ನ ಮಗಳಿಗೆ ಕಲಿಸದಿದ್ದದ್ದು ಚಲೋನ ಆತು," ಎಂದು ಸೆರಗು ಜಾಡಿಸಿ ಬುಟ್ಟಿ ಎತ್ತಿಕೊಂಡು ಹೋದಿರಿ.

ಹಾಡು ಹೋದದ್ದಕ್ಕಿಂತ ಇದು ದೊಡ್ಡದು. ನಿಮಗೆ ಎಲ್ಲವನ್ನೂ ಕೊಟ್ಟ ಒಬ್ಬ ಹೆಂಗಸನ್ನು, ಬಿಸಿಲಲ್ಲಿ ಗೋಡೆಗೆ ಕಿವಿ ಹಚ್ಚಿ ಕುಳಿತು ಕದ್ದು ಕೇಳಿದಂತೆ ಕೇಳಿ ಅಷ್ಟನ್ನೂ ನೆನಪಿಟ್ಟುಕೊಂಡ ಒಬ್ಬ ಹೆಂಗಸನ್ನು, ನಿಮ್ಮ ಕಣ್ಣಲ್ಲೇ ಸುಳ್ಳುಗಾತಿಯನ್ನಾಗಿ ಮಾಡಿಬಿಟ್ಟೆ. ಇಷ್ಟು ವರ್ಷ ನೀವು ಆಕೆಯನ್ನು ಹಾಗೇ ನೆನೆದಿದ್ದೀರಿ. ಇದಕ್ಕೆ ಕ್ಷಮೆ ಕೇಳುವುದೂ ಒಂದು ನಾಚಿಕೆಗೇಡು. ಕೇಳುವುದಿಲ್ಲ.

ಆ ಮೂವರನ್ನು ನಿನ್ನೆ ಮತ್ತೆ ಕರೆಸಿ ಎಲ್ಲ ಹೇಳಿದೆ. ಪುಸ್ತಕ ಮುಂದಿಟ್ಟು ಎಂಟೂ ಪದ್ಯ ತೋರಿಸಿದೆ. ಮಂಚ ಬಡಿದ ಹುಡುಗ ಮುಖ ಸಣ್ಣದು ಮಾಡಿಕೊಂಡು, "ಹಾಡೆಲ್ಲಾ ರೆಡಿ ಆಗಿತ್ತಲ್ರಿ ಕಾಕಾ," ಎಂದ. "ಹರದು ಒಗೀ," ಎಂದೆ. ಹುಡುಗಿ ಮಾತ್ರ, "ಇದನ್ನ ಬರದು ಕೊಡ್ರಿ, ನಾನು ಸುರೇಬಾನಕ್ಕ ಹೋಗಿ ಆ ಅಮ್ಮಗ ಓದಿ ಹೇಳತೇನಿ," ಎಂದಳು. ಒಳ್ಳೆಯ ಹುಡುಗಿ. ಬೇಡ ಎಂದೆ. ಬರೆದದ್ದನ್ನು ಉಳಿದವರು ಓದಲಿ, ನಿಮ್ಮ ಮುಂದೆ ಇನ್ನೊಬ್ಬರು ಓದುವುದು ಬೇಡ. ಓದುವವರು ಏನೇನು ಮಾಡುತ್ತಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ನಾನೇ ಬರುತ್ತೇನೆ, ಚಂದ್ರವ್ವ. ಈ ಸೋಮವಾರ, ಹಗಲು ಹೊತ್ತು, ನಿಮ್ಮ ಓಣಿಯ ಜನ ಹೊರಗಿರುವಾಗ. ನಿಮ್ಮ ಆಯಿ ಸುಳ್ಳು ಹೇಳಿರಲಿಲ್ಲ ಎಂದು ಹೇಳುತ್ತೇನೆ. ಒಳಗೆ ಕರೆಯಬೇಡಿ, ಬಾಗಿಲೂ ತೆರೆಯಬೇಡಿ. ಗೋಡೆಯ ಹೊರಗೇ ನಿಂತು ಹೇಳುತ್ತೇನೆ. ಅಲ್ಲಿಂದ ಎಲ್ಲ ಸರಿಯಾಗಿ ಕೇಳಿಸುತ್ತದೆ.